ಅತ್ತೆಯ ಮುಖದ ಅಚ್ಚು

ವಾಟರ್ ಪಾರ್ಕಿನವರು ತಮ್ಮ ‘ಹಳ್ಳಿ’ ಭಾಗವನ್ನು ಕೆಡವಿದ್ದರಿಂದಲೇ ಅತ್ತೆಯ ಮುಖ ನಮ್ಮ ಕೈತಪ್ಪಿತು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಾವುದು ಮೊದಲು ನಡೆಯಿತು ಎಂದು ಕೇಳುವುದನ್ನು ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿವೆ.

ಕೆಂಗೇರಿಯಾಚೆಯ ಆ ಪಾರ್ಕಿನ ನೀರೇನೂ ಬೇರೆಯಲ್ಲ. ಜಾರುಬಂಡೆ ಎಲ್ಲ ಕಡೆಯೂ ನೀಲಿಯೇ. ಅದನ್ನು ಬೇರೆ ಮಾಡಿದ್ದು ಒಂದೊಂದು ಭಾಗಕ್ಕೆ ಕೊಟ್ಟ ಥೀಮು: ಇಲ್ಲಿ ಗುಹೆ, ಅಲ್ಲಿ ಕಾಡು, ಕೊನೆಗೆ ಹಳ್ಳಿ. ಹಳ್ಳಿಯ ಬಾವಿಯ ಪಕ್ಕ, ಕೊಡದಿಂದ ನೀರು ಸುರಿಯುವ ಫೈಬರ್ ಹೆಂಗಸು. ಅವಳನ್ನು ಮಾಡಿದ್ದು ಕಾಮಾಕ್ಷಿಪಾಳ್ಯದ ತನ್ನ ಶೆಡ್ಡಿನಲ್ಲಿ ನನ್ನ ಸೋದರಮಾವ. ಮುಖ ಅವನ ಹೆಂಡತಿಯದು, ಅಂದರೆ ಅತ್ತೆಯದು.

ಅಚ್ಚು ತೆಗೆಯಲು ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಉಸಿರಾಡಲು ಮೂಗಿಗೆ ಎರಡು ಸ್ಟ್ರಾ ಇಟ್ಟಿದ್ದ.

"ನಗಬೇಡ ಕಣೇ, ಪ್ಲಾಸ್ಟರ್ ಬಿರುಕು ಬಿಡುತ್ತೆ."

"ಆನೆ ಥರ ಮಲಗ್ಸಿ ನಗಬೇಡ ಅಂದ್ರೆ ಹೇಗ್ರೀ?"

ಪ್ಲಾಸ್ಟರ್ ಬಿದ್ದ ಮೇಲೂ ಅವಳ ತುಟಿಯ ಒಂದು ತುದಿ ಇಳಿಯಲಿಲ್ಲ. ಅಚ್ಚಿನಲ್ಲಿ ಅದೂ ಬಂತು.

ಮರುವರ್ಷ ಅತ್ತೆ ಜ್ವರದಲ್ಲಿ ತೀರಿಕೊಂಡಳು. ಅವರ ಮಗಳಿಗೆ ಆಗಿನ್ನೂ ಮಾತು ಬಂದಿರಲಿಲ್ಲ. ಮನೆಯಲ್ಲಿದ್ದದ್ದು ಮದುವೆಯ ಫೋಟೋ. ಅದರಲ್ಲಿ ಅತ್ತೆ ನಗುವುದಿಲ್ಲ. ಹಾಗಾಗಿ ಪ್ರತಿ ಬೇಸಿಗೆ ಮಗುವನ್ನು ಆ ಕೊಡದ ಕೆಳಗೆ ನಿಲ್ಲಿಸುತ್ತಿದ್ದೆವು. ಒಂದು ಬೇಸಿಗೆ, ಹೊರಡುವ ಹೊತ್ತಿಗೆ ಅವಳು ಬೊಂಬೆಯ ಕೈ ಬಿಡಲೇ ಇಲ್ಲ. "ಅಮ್ಮನ್ನ ಇಲ್ಲೇ ಬಿಟ್ಟು ಹೋಗ್ತೀವಾ?" ಎಂದಳು. ಮಾವ ಅವಳನ್ನು ಎತ್ತಿಕೊಂಡ.

ಮುಂದಿನ ಬೇಸಿಗೆ ಹೋದರೆ ಅಲ್ಲಿ ಬಾವಿಯಿಲ್ಲ, ಕಡಲ್ಗಳ್ಳರ ಹಡಗಿತ್ತು. ಮಗು ಹಡಗಿನ ಸುತ್ತ ಹುಡುಕಿತು. ಮಾರನೆಯ ದಿನ, ಮೆಟ್ರೋಗೆ ಅಗೆದಿದ್ದ ವಿಜಯನಗರ ದಾಟಿ ನಾನು ನೇರ ಶೆಡ್ಡಿಗೆ ಹೋದೆ.

"ಮಾವ, ಅಚ್ಚಿದೆಯಲ್ಲ, ಇನ್ನೊಂದು ತೆಗಿ. ಮುಖ ಒಂದೇ ಸಾಕು, ಮನೇಲಿಡೋಣ."

"ಅಚ್ಚಿಲ್ಲ ಕಣೇ. ಒಡೆದುಹಾಕ್ದೆ."

"ಯಾವಾಗ?"

"ಹೋದ ಬೇಸಿಗೇಲಿ. ಪಾರ್ಕಿಂದ ಬಂದ ದಿನಾನೇ."

"ಆಗಿನ್ನೂ ಹಡಗಿನ ಸುದ್ದೀನೇ ಇರ್ಲಿಲ್ಲ."

"ಇರ್ಲಿಲ್ಲ." ಹೊಸದಾಗಿ ಮಾಡಿದ ಫೈಬರ್ ಮೊಸಳೆಯ ಬೆನ್ನಿಗೆ ಉಪ್ಪುಕಾಗದ ಉಜ್ಜುತ್ತಾ ಹೇಳಿದ, "ಕಾಲೇಜಲ್ಲಿ ಗೆದ್ದಿರೋ ಕಪ್‌ಗಳು ಸಾಲ್ದಾ, ಇಲ್ಲೂ ವಾದಾನಾ?"

ಪಾರ್ಕಿನಿಂದ ಬಂದಾಗಿನಿಂದ ಮಗು ಕನ್ನಡಿಯ ಮುಂದೆ ತುಟಿಯ ಒಂದು ತುದಿ ಎತ್ತಿ ನೋಡಿಕೊಳ್ಳುತ್ತದೆ. ಸರಿಯಾಗಿದೆಯಾ ಎಂದು ನನ್ನನ್ನು ಕೇಳುತ್ತದೆ. ಅದನ್ನು ಅವನಿಗೆ ಹೇಳಿದೆ. ಉಜ್ಜುವ ಕೈ ನಿಂತಿತು.

"ಮಾವ, ಒಡೆದಿದ್ದು ಮಗೂಗೋಸ್ಕರಾನಾ, ನಿನಗೋಸ್ಕರಾನಾ?"