ಇಲಿಗಳಿಗೆ ನುಚ್ಚು-ಮಜ್ಜಿಗೆ

ಮೊನ್ನೆ ಪುಸ್ತಕದ ಕಪಾಟು ಎಲ್ಲಿಗೆ ಬಂತೆಂದು ನೋಡಲು ಸೇಡಂನ ಬಡಿಗ ಮೌನೇಶನ ಅಂಗಡಿಗೆ ಹೋಗಿದ್ದೆ. ಕಪಾಟು ಎಲ್ಲಿಗೂ ಬಂದಿರಲಿಲ್ಲ. ಮೌನೇಶ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೆಲದ ಮೇಲಿನ ಕಟ್ಟಿಗೆ ಹೊಟ್ಟಿನ ವಾಸನೆ ಮೂಗಿಗೆ ಬಡಿದು ಮಾತು ಅಲ್ಲಿಯೇ ನಿಂತಿತು. ಆ ವಾಸನೆಗೆ ನಿಮಗೆ ಹೊಸ ಬಾಗಿಲೋ ಮಂಚವೋ ನೆನಪಾಗಬಹುದು. ನನಗೆ ನೆನಪಾಗುವುದು ಅದೇ ಹೊಟ್ಟಿನ ಮೇಲೆ ಮಲಗುತ್ತಿದ್ದ ಪಂಜರದ ಇಲಿಗಳು, ಜೊತೆಗೆ ನಾಲವಾರದ ಶರಣಪ್ಪ ಕಾಕಾ.

ನಗುವುದಾದರೆ ನಗಿ, ನಾನು ಡಾಕ್ಟರೇಟ್ ಪಡೆದದ್ದು ಇಲಿಯ ಹಿಕ್ಕೆಯ ಮೇಲೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಅವ್ವ ಇದನ್ನು ನೆರೆಯವರಿಗೆ ಹೇಳಲಾರದೆ, "ಮಗಳು ಕೆಮಿಸ್ಟ್ರಿ ಓದಲಿಕತ್ತಾಳ" ಎಂದು ಮುಗಿಸುತ್ತಿದ್ದಳು. ವಿಷಯ ಇಷ್ಟೇ: ತಿಂದ ಕಾಳಿನ ನಾರನ್ನು ಕರುಳಿನ ಸೂಕ್ಷ್ಮಜೀವಿಗಳು ಹುಳಿ ಬರಿಸಿ ಕೆಲವು ಆಮ್ಲಗಳನ್ನು ಮಾಡುತ್ತವೆ, ಕರುಳಿನ ಗೋಡೆಗೆ ಅವೇ ಊಟ. ಕರುಳಿಗೆ ಉರಿಯೂತ ಬಂದರೆ ಆ ಅಡುಗೆ ಕೆಡುತ್ತದೆ. ಯಾವುದು ಎಷ್ಟು ಕಡಿಮೆಯಾಯಿತು ಎಂದು ಹಿಕ್ಕೆಯಲ್ಲಿ ಅಳೆಯುವುದು ನನ್ನ ಕೆಲಸ. ಅದಕ್ಕಾಗಿ ಅರ್ಧ ಇಲಿಗಳ ನೀರಿಗೆ ಕರುಳು ಉರಿಯುವಂಥ ಪುಡಿ ಬೆರೆಸುತ್ತಿದ್ದೆ.

ಕಲಬುರಗಿಯ ಆ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುತ್ತಿದ್ದವರು ಶರಣಪ್ಪ ಕಾಕಾ. ದಿನಗೂಲಿ ಕೆಲಸ, ಮನೆ ನಡೆಯುತ್ತಿದ್ದುದು ಅದರಿಂದಲೇ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು. ನಾಲವಾರದಲ್ಲಿ ರೈಲು ಹತ್ತಿದವರು ಆ ಟವೆಲ್ಲು ಹಾಸಿ ನನಗೊಂದು ಜಾಗ ಹಿಡಿದಿಡುತ್ತಿದ್ದರು, ನಾನು ವಾಡಿಯಲ್ಲಿ ಹತ್ತುತ್ತಿದ್ದೆ. ಶಹಾಬಾದ ಬರುವುದರೊಳಗೆ ನನ್ನ ಕೈಯಲ್ಲಿ ಅರ್ಧ ರೊಟ್ಟಿ ಇರುತ್ತಿತ್ತು. ಪಕ್ಕದವರು ಉಣ್ಣದಿರುವಾಗ ತಾನು ಉಣ್ಣಬಾರದು ಎಂಬುದು ಅವರ ಮನೆತನದ ನೇಮ. ಜನರಲ್ ಡಬ್ಬಿಯಲ್ಲಿ ಈ ನೇಮ ಪಾಲಿಸಲು ಹೋಗಿ ಎಷ್ಟೋ ದಿನ ಅವರ ಬುತ್ತಿ ಕಲಬುರಗಿ ಮುಟ್ಟುವ ಮೊದಲೇ ಖಾಲಿಯಾಗುತ್ತಿತ್ತು.

ಮೂರು ತಿಂಗಳ ದುಡಿಮೆಯ ಫಲ ಒಂದು ದಿನ ಆಮ್ಲ ಅಳೆಯುವ ಯಂತ್ರದಿಂದ ಬಂತು. ಉರಿಯೂತದ ಇಲಿಗಳ ಆಮ್ಲಗಳು ಕಡಿಮೆಯೇ ಆಗಿರಲಿಲ್ಲ. ಯಂತ್ರವನ್ನು ಬೈದೆ, ನನ್ನ ಹಣೆಬರಹವನ್ನು ಬೈದೆ. ಆಮೇಲೆ ಪಂಜರ ನೋಡಲು ಹೋದರೆ ಹೊಟ್ಟಿನಲ್ಲಿ ಬೆಂದ ಜೋಳದ ನುಚ್ಚು ಅಂಟಿಕೊಂಡಿತ್ತು. ಸಂಜೆ ರೈಲಿನಲ್ಲಿ ಕೇಳಿದೆ.

"ಕಾಕಾ, ಇಲಿಗಳಿಗೆ ಏನರ ಹಾಕೀರೇನು?"

"ಹೊಟ್ಟಿ ಕೆಟ್ಟಿದ್ದವಕ್ಕ ಅಷ್ಟೇ ಹಾಕೀನಿ ಯವ್ವಾ, ನುಚ್ಚು-ಮಜ್ಜಿಗಿ. ಮೈ ಮುದುಡಿಕೊಂಡು ಮೂಲ್ಯಾಗ ಕುಂತಿದ್ದವು. ಅವುಗಳ ಮುಂದ ನಾ ಹ್ಯಾಂಗ ಉಣ್ಲಿ? ಈಗ ಭಾಳ ಆರಾಮ ಅದಾವ ನೋಡು."

ನನಗೆ ಅಳು ಬಂತು, ಸಿಟ್ಟೂ ಬಂತು. ನನ್ನ ಕೆಲಸವೆಲ್ಲ ನೀರುಪಾಲಾಯಿತೆಂದು ಎಲ್ಲರೆದುರಿಗೆ ಗಟ್ಟಿಯಾಗಿ ಹೇಳಿಬಿಟ್ಟೆ. ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಸಾಹೇಬ್ರಿಗಿ ನಾನೇ ಹೇಳ್ತೀನಿ. ಕೆಲ್ಸ ಹೋದ್ರ ಹೋಗ್ಲಿ."

ಶಹಾಬಾದದಿಂದ ವಾಡಿಯವರೆಗೆ ನಾನು ಒಂದು ಕಳ್ಳ ಲೆಕ್ಕ ಹಾಕಿದೆ. ನುಚ್ಚಿನ ಮಾತನ್ನು ಸದ್ದಿಲ್ಲದೆ ಬಿಟ್ಟು ಬಂದ ಅಂಕಿಗಳನ್ನಷ್ಟೇ ಬರೆದರೆ ಕಾಕಾನ ಕೆಲಸವೂ ಉಳಿಯುತ್ತದೆ, ನನ್ನ ಪದವಿಯೂ ಉಳಿಯುತ್ತದೆ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಎದುರಿಗೆ ತಲೆ ತಗ್ಗಿಸಿ ಕುಳಿತ ಆ ಮನುಷ್ಯನನ್ನು ನೋಡಿ ನನಗೆ ನಾಚಿಕೆಯಾಯಿತು. ಎರಡು ವರ್ಷ ಅವರ ರೊಟ್ಟಿ ತಿಂದಿದ್ದೆ, ಇಲಿಗಳಿಗೆ ಯಾಕೆ ಹೊಟ್ಟೆ ಕೆಡಿಸುತ್ತೇವೆಂದು ಒಂದು ದಿನವೂ ಹೇಳಿರಲಿಲ್ಲ.

ಮರುದಿನ ಕಾಕಾ ಬಾಯಿ ತೆರೆಯುವ ಮೊದಲೇ ಗೈಡ್ ಸರ್ ಮುಂದೆ ನಿಂತು, ಆದದ್ದನ್ನೆಲ್ಲ ಹೇಳಿ, ತಪ್ಪು ನನ್ನದು ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆದದ್ದು ಹಂಗೇ ಬರೆದಿಡು. ಮತ್ತ ಮೊದಲಿಂದ ಮಾಡು. ಈ ಸಲ ಶರಣಪ್ಪಗ ತಿಳಿಸಿ ಹೇಳಿ ಮಾಡು."

ಕಾಕಾ ಉಳಿದರು. ಅವರನ್ನು ಕೂರಿಸಿ, ಈ ಇಲಿಗಳ ಸಂಕಟ ತಿಳಿದರೆ ನಾಳೆ ಮನುಷ್ಯರ ಕರುಳಿಗೆ ಔಷಧ ಸಿಗಬಹುದು ಎಂದು ಹೇಳಿದೆ. ಪಂಜರಗಳ ಕಡೆಗೊಮ್ಮೆ ನೋಡಿ, "ಹಂಗಾದ್ರ ಹಾಕೂದಿಲ್ಲ" ಎಂದರು. ಮಾತಿನಂತೆ ನಡೆದರು. ಆದರೆ ಆ ದಿನಗಳಲ್ಲಿ ಇಲಿಗಳ ಕೋಣೆಯಲ್ಲಿ ಬುತ್ತಿ ಬಿಚ್ಚಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಕೆಲವು ದಿನ ಬುತ್ತಿ ಹಾಗೆಯೇ ವಾಪಸ್ಸು ಬರುತ್ತಿತ್ತು.

ಈ ಸಲ ಆಮ್ಲಗಳು ಸರಿಯಾಗಿ ಇಳಿದಿದ್ದವು. ಕುಣಿಯುತ್ತಾ ಹೋಗಿ ಕಾಕಾಗೆ ಹೇಳಿದೆ.

"ಏನಂತ ಬಂತು?" ಎಂದು ಕೇಳಿದರು.

"ಜಡ್ಡಿನ ಇಲಿಗಳ ಕರುಳಿಗೆ ಉಣ್ಣಾಕ ಏನೂ ಸಾಲವಲ್ದಂತ ಬಂತು, ಕಾಕಾ."

"ಅದು ಅವುಗಳ ಮಾರಿ ನೋಡಿದ್ರೇ ತಿಳೀತಿತ್ತಲ್ಲ ಯವ್ವಾ" ಎಂದರು ಕಾಕಾ.

ಇಷ್ಟೆಲ್ಲ ನೆನೆಯುತ್ತಾ ನಾನು ಮೌನೇಶನ ಮಾರಿ ನೋಡಿದೆ. ಬೆವೆತಿತ್ತು. ಕಪಾಟಿನ ಮಾತು ಬಿಟ್ಟು, "ಮುಂಜಾನಿಂದ ಏನರ ಉಂಡೀಯೇನಪ್ಪಾ?" ಎಂದೆ.

"ಇಲ್ರಿ ಮೇಡಂ. ನಿನ್ನಿಯಿಂದ ಹೊಟ್ಟಿ ಭಾಳ ಕೆಟ್ಟದರಿ."

ಸ್ಕೂಟರ್ ತಿರುಗಿಸಿ ಮನೆಗೆ ಹೋಗಿ ನುಚ್ಚು ಬೇಯಿಸಿ, ಮಜ್ಜಿಗೆ ಕಲಸಿ ತಂದೆ. ಸಂಜೆ ಡಾಕ್ಟರಿಗೆ ತೋರಿಸಬೇಕೆಂದು ತಾಕೀತನ್ನೂ ಮಾಡಿದೆ. ಮೌನೇಶ ಡಬ್ಬಿ ಹಿಡಿದು ಸಂಕೋಚದಿಂದ ಉಣ್ಣದೆ ಕುಳಿತ. ಎದುರಿಗೆ ನಾನು ಉಣ್ಣದೆ ನಿಂತಿದ್ದೆನಲ್ಲ. ಡಬ್ಬಿಯ ಮುಚ್ಚಳದಲ್ಲಿ ನನಗೂ ಸ್ವಲ್ಪ ಹಾಕಿಕೊಂಡು, ಹೊಟ್ಟಿನ ಮೇಲೆಯೇ ಕುಳಿತು, ಮೊದಲ ತುತ್ತು ನಾನೇ ತಿಂದೆ.