ಪವರ್ ಬಾರದ ಆಂಪ್ಲಿಫೈಯರ್

ಬಸವಕಲ್ಯಾಣದ ಕಾಕಾ ಫೋನ್ ಮಾಡಿದಾಗ ನಾನು ಹುಮನಾಬಾದಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂಬತ್ತನೇ ತರಗತಿಯ ವಿಜ್ಞಾನದ ಪೇಪರು ತಿದ್ದುತ್ತ ಕೂತಿದ್ದೆ. ಅವರ ಮಾತು ಅರ್ಧ ಕೇಳಿಸಿತು, ಅರ್ಧ ಇಲ್ಲ. ಹಾಳಾದ ನೆಟ್‌ವರ್ಕ್ ಎಂದು ಬೈದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತೆ. ಆಗ ಗೊತ್ತಾದದ್ದು ಇಷ್ಟು: ಅವರ ಆಂಪ್ಲಿಫೈಯರ್ ಪವರ್ ಕೊಡುತ್ತಿಲ್ಲ, ಮೀಟರಿನ ಮುಳ್ಳು ಕಾಲು ಭಾಗಕ್ಕೂ ಏರುತ್ತಿಲ್ಲ, ರವಿವಾರದೊಳಗೆ ನಾನೊಮ್ಮೆ ಬಂದು ನೋಡಬೇಕು.

ಕಾಕಾ ನನಗೆ ಸಂಬಂಧಿಕರಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ನನಗೆ ಹ್ಯಾಮ್ ರೇಡಿಯೋದ ಹುಚ್ಚು ಹಿಡಿಸಿದವರು. ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದವರು ತಂತಮ್ಮ ಮನೆಯಲ್ಲೇ ಕೂತು, ಮಾಳಿಗೆ ಮೇಲೆ ತಂತಿ ಕಟ್ಟಿ, ದೂರದೂರಿನ ಇನ್ನೊಬ್ಬ ಲೈಸೆನ್ಸಿನವರ ಜೊತೆ ಮಾತಾಡುವ ಹವ್ಯಾಸ ಅದು. ಕೈಯಲ್ಲಿ ಮೊಬೈಲ್ ಇರುವಾಗ ಇದೇನು ಹುಚ್ಚಾಟ ಎಂದು ಕೇಳುವವರಿಗೆ ಉತ್ತರ ಕೊಡುವುದನ್ನು ನಾನು ಯಾವತ್ತೋ ಬಿಟ್ಟಿದ್ದೇನೆ.

ಪ್ರತಿ ರವಿವಾರ ಬೆಳಿಗ್ಗೆ ಕಾಕಾ ಗಾಳಿಯ ಮೇಲೆ ಒಂದು ಕೂಟ ನಡೆಸುತ್ತಿದ್ದರು. ಸೋಲಾಪುರ, ಲಾತೂರು, ಹೈದರಾಬಾದು, ಧಾರವಾಡ ಎಂದು ಒಬ್ಬೊಬ್ಬರನ್ನೇ ಹಾಜರಿ ಕರೆದ ಹಾಗೆ ಕರೆಯುವುದು, ಅವರು ಬಂದು ಮಳೆ, ಮಂಡಿನೋವು, ಮೊಮ್ಮಕ್ಕಳ ಸುದ್ದಿ ಹೇಳುವುದು. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸುಮೇಲೋಗರ. ಹೆಚ್ಚಿನವರು ವಯಸ್ಸಾದವರು. ಯಾರಾದರೂ ಹಾಜರಿಗೆ ಓಗೊಡದಿದ್ದರೆ ಕಾಕಾ ಅದೇ ದಿನ ಅವರ ಮನೆಗೆ ಫೋನ್ ಮಾಡಿ ವಿಚಾರಿಸುತ್ತಿದ್ದರು. ಎಕ್ಸ್‌ಚೇಂಜಿನ ನೌಕರಿ ಮುಗಿದ ಮೇಲೆ ಅವರಿಗೆ ಉಳಿದ ನೌಕರಿ ಇದೊಂದೇ. ಅದು ಕೈಬಿಟ್ಟರೆ ಮನುಷ್ಯ ಕುಸಿದುಹೋಗುತ್ತಾರೆ ಎಂಬ ಭಯ ನನಗೂ ಇತ್ತು, ಕಾಕುವಿಗೂ ಇತ್ತು. ಕಾಕು ಎಂದರೆ ಅವರ ಹೆಂಡತಿ.

ನಮ್ಮ ಮಂದಿಯಲ್ಲಿ ಒಂದು ರೂಢಿ ಇದೆ. ಮಾತು ಶುರುವಾಗುವ ಮೊದಲು ಎದುರಿನವರ ದನಿ ಹೇಗೆ ಕೇಳುತ್ತಿದೆ ಎಂದು ಎರಡು ಅಂಕಿಯಲ್ಲಿ ಹೇಳಬೇಕು: ಎಷ್ಟು ಸ್ಪಷ್ಟ, ಎಷ್ಟು ಜೋರು. ಅತಿ ಚೆನ್ನಾಗಿದ್ದರೆ ‘ಫೈವ್ ನೈನ್’. ಆದರೆ ಮದುವೆ ಮನೆಯಲ್ಲಿ ಯಾರೂ ಅಡಿಗೆಗೆ ಉಪ್ಪು ಕಮ್ಮಿ ಅನ್ನುವುದಿಲ್ಲವಲ್ಲ, ಹಾಗೆ ಎಲ್ಲರೂ ಎಲ್ಲರಿಗೂ ಫೈವ್ ನೈನ್ ಅಂದುಬಿಡುತ್ತಾರೆ. ಹಿರಿಯರಿಗಂತೂ ಬೇರೆ ಅಂಕಿಯೇ ಇಲ್ಲ. ಕಾಕಾನಿಗೂ ಆ ವರ್ಷವಿಡೀ ಎಲ್ಲ ಊರುಗಳಿಂದಲೂ ಫೈವ್ ನೈನ್ ಬಂದಿತ್ತು. ನನಗೆ ಮಾತ್ರ ಅವರ ದನಿ ಕ್ಷೀಣವಾಗಿ ಬರುತ್ತಿತ್ತು. ದೂರದವರ ದನಿ ಮುಟ್ಟಿ ಪಕ್ಕದ ತಾಲೂಕಿನವರದು ಮುಟ್ಟದಿರುವುದು ಕೂಟ ನಡೆಯುವ ಆ ತರಂಗದ ಬ್ಯಾಂಡಿನಲ್ಲಿ ಮಾಮೂಲು, ಹಾಗಾಗಿ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಬಗಲಲ್ಲಿ ಸಾಮಾನಿನ ಚೀಲ, ತೊಡೆಯ ಮೇಲೆ ಒಂದು ಹಳೆಯ ಎಣ್ಣೆ ಡಬ್ಬಿ. ಆಂಪ್ಲಿಫೈಯರ್ ಪರೀಕ್ಷೆ ಮಾಡುವಾಗ ಮಾಳಿಗೆಯ ತಂತಿ ಬಿಚ್ಚಿ ಅದರ ಜಾಗಕ್ಕೆ ಹಚ್ಚುವ ಸಾಧನ ಅದು. ಒಳಗೆ ಎಣ್ಣೆಯಲ್ಲಿ ಮುಳುಗಿದ ರೆಸಿಸ್ಟರ್ ಇರುತ್ತದೆ, ಪವರೆಲ್ಲ ಅದರಲ್ಲೇ ಬಿಸಿಯಾಗಿ ಮುಗಿಯುತ್ತದೆ, ಹೊರಗೆ ಯಾರಿಗೂ ಕೇಳಿಸುವುದಿಲ್ಲ. ಕಂಡಕ್ಟರ್ ಡಬ್ಬಿ ನೋಡಿ, ತವರಿನಿಂದ ತುಪ್ಪವೋ ಎಂದು ಕೇಳಿದ. ಹೌದು, ಕುಡಿದರೆ ಸಾಯುತ್ತೀಯ ಎಂದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಹೊಟ್ಟೆ ಹಸಿದಾಗ ಇನ್ನೂ ಮುಂದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿಕೊಂಡು ಹೋಯಿತು.

ಮನೆ ಮುಟ್ಟಿದಾಗ ಕಾಕು ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಊಟದ ಹೊತ್ತಿಗೆ ಕಾಕಾ ಅವರ ಮೇಲೆ ದೂರು ಹೇಳಿದರು. ಇವಳಿಗೆ ಕಿವಿ ಮಂದವಾಗಿದೆ, ಒಂದು ಮಾತು ಮೂರು ಸಲ ಹೇಳಬೇಕು, ಕಲಬುರಗಿಗೆ ಕರಕೊಂಡು ಹೋಗಿ ಕಿವಿಯ ಡಾಕ್ಟರಿಗೆ ತೋರಿಸಿದೆ, ಅವನು ಕಿವಿ ಛಲೋ ಇವೆ ಅಂದ, ಈಗಿನ ಡಾಕ್ಟರುಗಳಿಗೆ ಏನು ತಿಳಿಯುತ್ತದೆ, ಇದು ಅವರ ದೂರು. ಕಾಕು ನನ್ನ ಮುಖ ನೋಡದೆ ಇನ್ನೊಂದು ರೊಟ್ಟಿ ಹಾಕಿದರು. ಕಾಕಾನ ಎಡಗೈ ತಾಟಿನ ಅಂಚಿನಲ್ಲಿ ನಡುಗುತ್ತಿತ್ತು. ಆ ನಡುಕ ಹಿಂದಿನ ವರ್ಷದಿಂದಲೂ ಇತ್ತು. ವಯಸ್ಸು ಎಂದು ಅವರೂ ಬಿಟ್ಟಿದ್ದರು, ನಾವೂ ಬಿಟ್ಟಿದ್ದೆವು.

ಆಂಪ್ಲಿಫೈಯರ್ ಮಾಳಿಗೆಯ ಕೋಣೆಯಲ್ಲಿತ್ತು. ಕಾಕಾ ತಾವೇ ಕಟ್ಟಿದ್ದು. ಎರಡು ದೊಡ್ಡ ಗಾಜಿನ ವಾಲ್ವ್, ಎತ್ತಲಾಗದ ಟ್ರಾನ್ಸ್‌ಫಾರ್ಮರ್, ಉರಿಯಲು ಹತ್ತಿದರೆ ಚಳಿಗಾಲದಲ್ಲಿ ಕೋಣೆಯೇ ಬೆಚ್ಚಗಾಗುತ್ತದೆ. ಮೈಕ್ ಸಿಕ್ಕಿಸಿದ ಸಣ್ಣ ರೇಡಿಯೋ ಸೆಟ್ಟಿನಿಂದ ಬಂದ ಪವರನ್ನು ಅದು ಹಲವು ಪಟ್ಟು ಮಾಡಿ ಮಾಳಿಗೆಯ ತಂತಿಗೆ ಕೊಡುತ್ತದೆ. ಕಾಕಾ ಆಗಲೇ ವಾಲ್ವಿನ ಮೇಲೆ ಗೂಬೆ ಕೂರಿಸಿ ಮುಗಿಸಿದ್ದರು. ಹಳೆಯ ಜೋಡಿ ತೆಗೆದು, ಅರಿವೆಯಲ್ಲಿ ಸುತ್ತಿ ಕಾಪಾಡಿಕೊಂಡಿದ್ದ ಹೊಸ ಜೋಡಿ ಹಾಕಿದ್ದರು. ಮುಳ್ಳು ಒಂದು ಕೂದಲಿನಷ್ಟೂ ಮೇಲೆ ಏರಿರಲಿಲ್ಲ.

ನಾನು ಮೊದಲಿನಿಂದ ಶುರು ಮಾಡಿದೆ. ಹೊಲದ ಪಂಪ್‌ಸೆಟ್ಟುಗಳಿಗೆ ಕರೆಂಟು ಬಿಟ್ಟ ಹೊತ್ತಿನಲ್ಲಿ ಮನೆಯ ವೋಲ್ಟೇಜ್ ಕುಸಿಯುತ್ತದೆ. ನೋಡಿದೆ, ಸರಿ ಇತ್ತು. ವಾಲ್ವಿಗೆ ಹೋಗುವ ಎರಡು ಸಾವಿರ ವೋಲ್ಟ್ ಅಳೆದೆ. ಆಗ ಒಂದು ಕೈ ಬೆನ್ನ ಹಿಂದೆ ಇರಬೇಕು, ಎರಡೂ ಕೈ ಒಳಗೆ ಹಾಕಿದರೆ ಶಾಕ್ ಎದೆ ದಾಟಿ ಹೋಗುತ್ತದೆ. ಇದನ್ನು ಕಲಿಸಿದ್ದು ಕಾಕಾನೇ. ಅಂದೂ ನನ್ನ ಹಿಂದೆ ನಿಂತು, ಎಡಗೈ ನೋಡ್ಕೊ ಎಂದು ಹೇಳುತ್ತಲೇ ಇದ್ದರಂತೆ. ನನಗೆ ಕೇಳಿರಲಿಲ್ಲ. ವೋಲ್ಟೇಜ್ ಸರಿ ಇತ್ತು. ಆಮೇಲೆ ಎಲ್ಲ ಆರಿಸಿ, ಒಳಗೆ ಉಳಿದ ಕರೆಂಟನ್ನು ತಂತಿ ಕಟ್ಟಿದ ಕೋಲಿನಿಂದ ನೆಲಕ್ಕೆ ಇಳಿಸಿ, ಪವರನ್ನು ಮಾಳಿಗೆಯ ತಂತಿಗೆ ಹಾಯಿಸುವ ಸ್ವಿಚ್ಚಾದ ರಿಲೇಯ ಬಾಯಿಗಳನ್ನು ಕಾಗದದಿಂದ ಉಜ್ಜಿದೆ. ಸ್ವಲ್ಪ ಕಪ್ಪಾಗಿದ್ದವು, ಅಷ್ಟೇ. ತಂತಿ ಬಿಚ್ಚಿ ಡಬ್ಬಿ ಹಚ್ಚಿದೆ. ಮತ್ತೆ ಆನ್ ಮಾಡಿದೆ.

ಮಾತಿನ ರೇಡಿಯೋದವರಿಗೆ ಪವರ್ ನೋಡುವ ಒಂದು ಸೋಮಾರಿ ಪದ್ಧತಿ ಇದೆ. ಮೈಕ್ ಬಾಯಿಗೆ ಹಿಡಿದು ‘ಹಾ…ಲೋ’ ಎಂದು ಉದ್ದಕ್ಕೆ ಎಳೆಯುತ್ತ, ಇನ್ನೊಂದು ಕೈಯಿಂದ ಟ್ಯೂನಿಂಗಿನ ಗುಬ್ಬಿ ತಿರುಗಿಸಿ ಮುಳ್ಳು ಎಲ್ಲಿ ಹೆಚ್ಚು ಏರುತ್ತದೆಂದು ನೋಡುವುದು. ಸರಿಯಾದ ಪದ್ಧತಿ ಕಟ್ಟ ಕಡ ಸಂದೇಶ ಕಳಿಸುವ ಮೋರ್ಸ್ ಕೀ ಒತ್ತಿ ಹಿಡಿಯುವುದು, ಅದಕ್ಕೆ ದನಿ ಬೇಕಿಲ್ಲ. ಆದರೆ ಕೈ ನಡುಗಲು ಶುರುವಾದ ಮೇಲೆ ಕಾಕಾ ಕೀಯನ್ನು ಅಟ್ಟಕ್ಕೆ ಹಾಕಿದ್ದರು. ಹಲೋ ಎನ್ನುವುದೊಂದೇ ಉಳಿದಿತ್ತು.

ನಾನು ಗುಬ್ಬಿಯ ಮೇಲೆ ಕೈಯಿಟ್ಟು, ಮುಳ್ಳಿನ ಮೇಲೆ ಕಣ್ಣಿಟ್ಟು, ಹಲೋ ಅನ್ನಿರಿ ಎಂದೆ. ಮುಳ್ಳು ಸ್ವಲ್ಪ ಮಿಸುಕಿತು. ಇನ್ನೊಮ್ಮೆ ಅನ್ನಿರಿ ಎಂದೆ. ಫ್ಯಾನಿನ ಸದ್ದಿನಲ್ಲಿ ನನಗೆ ಏನೂ ಕೇಳಲಿಲ್ಲ. ರೇಗಿಹೋಗಿ, ಕಾಕಾ, ನೀವು ಅಂದರಲ್ಲವೇ ನಾನು ನೋಡುವುದು ಎಂದು ತಿರುಗಿದೆ. ಅವರು ಮೈಕನ್ನು ತುಟಿಗೆ ಒತ್ತಿಕೊಂಡು ಕೂತಿದ್ದರು. ಬಾಯಿ ಇನ್ನೂ ತೆರೆದಿತ್ತು.

“ಅನ್ನಾಕತ್ತೀನಲ್ಲ,” ಎಂದರು. “ಆಗಿನಿಂದ ಒದರಾಕತ್ತೀನಿ.”

ನಾನು ಚೀಲದಿಂದ ಒಂದು ತುಂಡು ತಂತಿ ತೆಗೆದು, ಕೀ ಒತ್ತಿದ ಹಾಗಾಗಲೆಂದು ಸಣ್ಣ ಸೆಟ್ಟಿನಲ್ಲಿ ಕೀ ಸಿಕ್ಕಿಸುವ ತೂತಿಗೆ ಮುಟ್ಟಿಸಿದೆ. ಮುಳ್ಳು ಒಂದೇ ಏಟಿಗೆ ಮೇಲೇರಿ, ಕಾಕಾ ಯಾವ ಕಾಲದಲ್ಲೋ ಗಾಜಿನ ಮೇಲೆ ಕೆಂಪು ಬಣ್ಣದಿಂದ ಗೀರಿದ್ದ ಗೆರೆಗೆ ಹೋಗಿ ನಿಂತಿತು. ಡಬ್ಬಿ ಬಿಸಿಯಾಯಿತು. ಕಾಕಾನ ಮುಖ ಅರಳಿತು. ರಿಲೇನೇ ಇತ್ತು ನೋಡು, ನಾನು ವಾಲ್ವ್ ಅಂದುಕೊಂಡಿದ್ದೆ ಎಂದು ನನ್ನ ಬೆನ್ನು ತಟ್ಟಿದರು. ಮೈಕ್ ಎತ್ತಿಕೊಂಡು ಹಲೋ ಎಂದರು. ಮುಳ್ಳು ಕಾಲು ಭಾಗಕ್ಕೂ ಹೋಗಲಿಲ್ಲ.

ಅವರೇ ಮೈಕನ್ನು ನನ್ನ ಕಡೆ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ. ಕೈ ಚಾಚಿಕೊಂಡೇ ಇದ್ದರು. ಕಡೆಗೆ ತೆಗೆದುಕೊಂಡು ಹಲೋ ಎಂದೆ. ಕಡೆಯ ಬೆಂಚಿನ ತನಕ ಮುಟ್ಟುವ ಮಾಸ್ತರಿಕೆಯ ಗಂಟಲು ನನ್ನದು. ಮುಳ್ಳು ಕೆಂಪು ಗೆರೆಯನ್ನು ದಾಟಿತು.

ನಾವು ಮಾತಾಡುವ ಪದ್ಧತಿಯಲ್ಲಿ ದನಿ ಎಷ್ಟೋ ಪವರ್ ಅಷ್ಟೇ. ಬಾಯಿ ಮುಚ್ಚಿದರೆ ಮುಳ್ಳು ಸೊನ್ನೆ. ಇದು ಅವರಿಗೆ ಗೊತ್ತಿಲ್ಲದ್ದಲ್ಲ, ನನಗೆ ಹೇಳಿಕೊಟ್ಟವರೇ ಅವರು. ಕಾಕಾ ಎದ್ದು ಫ್ಯಾನ್ ಆರಿಸಿದರು. ಮೈಕ್ ಹಿಡಿದು, ಕುತ್ತಿಗೆಯ ನರ ಉಬ್ಬುವಂತೆ ಹಲೋ ಎಂದರು. ಆ ಸದ್ದಿಲ್ಲದ ಕೋಣೆಯಲ್ಲಿ ಅದು ಪಕ್ಕದಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಮಾತಾಡಿದ ಹಾಗೆ ಕೇಳಿಸಿತು. ಮುಳ್ಳು ನೋಡಿದರು. ಆಮೇಲೆ ಎರಡು ಸಾವಿರ ವೋಲ್ಟಿನ ಸ್ವಿಚ್ ಆರಿಸಿ, ವಾಲ್ವುಗಳ ಕೆಂಪು ಇಳಿಯುವ ತನಕ ಅವನ್ನೇ ನೋಡುತ್ತ ಕೂತರು.

“ಮಷೀನ್‌ದಾಗ ಏನೂ ಇಲ್ಲ,” ಎಂದರು. ಮೈಕನ್ನು ಮೇಜಿನ ಮೇಲಿಟ್ಟು, “ನಾ ಜೋರಲೇನ ಮಾತಾಡಾಕತ್ತೀನಿ ಅಂತ ತಿಳ್ದಿದ್ದೆ, ಯವ್ವಾ.”

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ವರ್ಷವಿಡೀ ಫೈವ್ ನೈನ್ ಎಂದ ಆ ಎಲ್ಲ ಊರುಗಳ ಮೇಲೆ, ನನ್ನ ಮೇಲೂ. ಒಬ್ಬರಾದರೂ ಖರೆ ಅಂಕಿ ಹೇಳಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಡುಕದ ರೋಗ ದನಿಯನ್ನೂ ತಿನ್ನುತ್ತದೆ, ತಿನ್ನಿಸಿಕೊಂಡವರಿಗೆ ಮಾತ್ರ ತಮ್ಮ ದನಿ ಮೊದಲಿನಂತೆಯೇ ಕೇಳುತ್ತದೆ ಎಂದು ಕಲಬುರಗಿಯ ನರರೋಗದ ಡಾಕ್ಟರು ಹೇಳಿದ್ದು ಆಮೇಲೆ. ಅಂದು ನಮಗೆ ಹೇಳಿದ್ದು ಮುಳ್ಳೊಂದೇ.

ನಾನು ಮೈಕಿನ ಗೇನ್ ಏರಿಸಿ ನೋಡಿದೆ. ದನಿ ಚೂರು ಏರಿತು, ಜೊತೆಗೆ ಬೀದಿಯ ಹಾರ್ನು, ಕೆಳಗೆ ಕಾಕುವಿನ ಪಾತ್ರೆ, ಪಾರಿವಾಳ ಎಲ್ಲ ಏರಿದವು. ಕಾಕಾ ತಲೆಯಾಡಿಸಿದರು. ಮತ್ತೊಂದು ಕೇಳಿದರು. ನಾಳೆಯ ಕೂಟದಲ್ಲಿ ತಾವು ಎಲ್ಲರನ್ನೂ ಖರೆ ರಿಪೋರ್ಟ್ ಕೇಳುವುದಾಗಿ, ಮೊದಲು ನನ್ನನ್ನೇ ಕರೆಯುವುದಾಗಿ, ನಾನು ಮುಲಾಜಿಲ್ಲದೆ ಹೇಳಿದರೆ ಉಳಿದವರಿಗೂ ಧೈರ್ಯ ಬರುತ್ತದೆಂದು. ನನ್ನಿಂದ ಆಗುವುದಿಲ್ಲ ಎಂದೆ. ಕೂಟವನ್ನು ತಾವು ನಡೆಸಬೇಕೋ ಬಿಡಬೇಕೋ ಎಂದು ತಿಳಿಯಬೇಕಲ್ಲ, ನೀನೇ ಹೇಳದಿದ್ದರೆ ಯಾರು ಹೇಳುತ್ತಾರೆ ಎಂದರು. ಸಂಜೆಯ ಬಸ್ಸಿಗೆ ಹುಮನಾಬಾದಿಗೆ ಹೊರಟೆ. ಕಾಕು ಬಾಗಿಲ ತನಕ ಬಂದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಗೊತ್ತಾಗಿತ್ತು.

ರವಿವಾರ ಬೆಳಿಗ್ಗೆ ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಕೂತೆ. ಗದ್ದಲದ ತಳದಲ್ಲಿ ಕಾಕಾ ನನ್ನನ್ನು ಕರೆದರು. ಕಣ್ಣು ಮುಚ್ಚಿ ಹೇಳಿದೆ:

“ಕಾಕಾ, ತ್ರೀ ಟೂ ರೀ. ಅರ್ಧ ಮಾತು ತಿಳಿವಲ್ದು.”

ಆಮೇಲೆ ಸೋಲಾಪುರದವರು ಗಂಟಲು ಸರಿ ಮಾಡಿಕೊಂಡು ತ್ರೀ ಟೂ ಎಂದರು. ಲಾತೂರಿನವರು ಟೂ ಟೂ. ಧಾರವಾಡದವರು, ಬಹಳ ತಿಂಗಳಿಂದ ತಮಗೆ ಏನೂ ಕೇಳಿಲ್ಲವೆಂದೂ ತಮ್ಮ ಸರದಿಯನ್ನು ಅಂದಾಜಿನ ಮೇಲೆ ಹಿಡಿಯುತ್ತಿದ್ದುದಾಗಿಯೂ ಹೇಳಿದರು. ಹೈದರಾಬಾದಿನವರು ಮಾಫ್ ಕರೋ ಭಾಯಿ ಎಂದರು, ಅಂಕಿ ಹೇಳಲಿಲ್ಲ.

ಕಾಕಾ ಏನೋ ಹೇಳಿದರು. ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿರಿ ಎಂದೆ. ಹೇಳಿದರು. ಮತ್ತೆ ತಿಳಿಯಲಿಲ್ಲ. ಮೂರನೆಯ ಸಲ ಕೇಳಲು ನನ್ನ ನಾಲಿಗೆ ಏಳಲಿಲ್ಲ.

ಆಗ ಬಸವಕಲ್ಯಾಣದಿಂದ ಒಂದು ಹೆಣ್ಣುದನಿ ಬಂತು. ಲೈಸೆನ್ಸ್ ಇಲ್ಲದವರು ಮೈಕ್ ಮುಟ್ಟಬಾರದು ಎಂದು ಕಾಕಾ ಮದುವೆಯಾದಾಗಿನಿಂದ ಕಾಕುವಿಗೆ ಹೇಳಿದ್ದರು, ಅವರೂ ಮುಟ್ಟಿರಲಿಲ್ಲ. ದನಿ ಗಟ್ಟಿಯಾಗಿ, ಸ್ವಲ್ಪ ಬೆದರಿ ಬಂತು.

“ಇನ್ನ ಮ್ಯಾಲ ಹುಮನಾಬಾದದಾಕಿ ನಡಸ್ತಾಳ, ನಾ ಕುಂತ ಕೇಳ್ತೀನಿ ಅಂತ ಅನ್ನಾಕತ್ತಾರ್ರಿ,” ಎಂದರು ಕಾಕು. ಮೈಕ್ ಬಿಡುವುದು ಹೇಗೆ ಎಂದು ತಿಳಿಯದೆ ಹಾಗೇ ಒತ್ತಿಕೊಂಡಿದ್ದರು. ಅವರ ಉಸಿರು ಕೇಳಿಸಿತು. ಆಮೇಲೆ ಇನ್ನೊಂದು ಮಾತು ಬಂತು, ಅದು ನಮಗೆ ಹೇಳಿದ್ದಲ್ಲ.

“ನೀವು ಅನ್ರಿ. ನನಗ ಕೇಳಸ್ತದ.”