ಕರೆಂಟು ಹೋದ ಮೇಲೂ ಹಾಕಿದ ತಾಳ

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಾವು ಐದು ಜನ ಯಲಹಂಕದ ಒಂದು ಮನೆಯ ಮಹಡಿಯಲ್ಲಿ ಸೇರುತ್ತೇವೆ. ಆ ತಿಂಗಳು ಯಾರು ಯಾವ ಸಂಗೀತವನ್ನು ಹೆಚ್ಚು ಕೇಳಿದರೋ ಅದನ್ನು ತಂದು ಉಳಿದವರಿಗೆ ಕೇಳಿಸಬೇಕು. ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಈ ನಿಯಮ ಮಾಡಿದವಳು ನಾನೇ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಿಯಮ ಮಾಡದೆ ಇನ್ನೇನು ಮಾಡಿಯಾಳು. ಈಗ ಅದೇ ನನ್ನ ಕುತ್ತಿಗೆಗೆ ಬಂದಿದೆ.

ಎರಡು ವರ್ಷದ ಹಿಂದೆ ನನ್ನ ಎರಡೂ ಕಿವಿ ಮಂದವಾದವು. ಪರೀಕ್ಷೆ ಮಾಡಿದ ಹುಡುಗಿ ಕಿವಿಗೆ ಮಷೀನು ಹಾಕಿ, ಮಾತು ಸ್ಪಷ್ಟವಾಗಿ ಕೇಳುತ್ತಾ ಎಂದು ವಿಚಾರಿಸಿದಳು. ಕೇಳುತ್ತಿತ್ತು. ಸಂಗೀತ ಕೇಳಬೇಕಲ್ಲ ಎಂದೆ. ಇದನ್ನು ಮಾಡಿರುವುದೇ ಮಾತಿಗೆ, ಆದರೂ ನೋಡೋಣ ಎಂದು ಕಂಪ್ಯೂಟರಿನಲ್ಲಿ ಏನೇನೋ ತಿದ್ದಿದಳು. ಅವಳ ತಪ್ಪೇನೂ ಇಲ್ಲ. ಆರ್.ಟಿ. ನಗರದಲ್ಲಿ ಬಸ್ಸು ಹತ್ತಿದರೆ ಹೆಬ್ಬಾಳದ ಫ್ಲೈಓವರ್ ಮೇಲಿನ ಒಂದೊಂದು ಹಾರ್ನೂ ನನಗೆ ಚಾಚೂ ತಪ್ಪದೆ ಕೇಳುತ್ತದೆ. ಕೊಳಲಿನ ಒಂದು ನೀಳ ಸ್ವರ ಬಂದರೆ ಮಾತ್ರ ಈ ದರಿದ್ರ ಮಷೀನು ಅದನ್ನು ತನ್ನೊಳಗಿನ ಸಿಳ್ಳೆ ಎಂದುಕೊಂಡು ಅದುಮಲು ಹೋಗುತ್ತದೆ. ಸ್ವರ ನಡುಗುತ್ತದೆ, ಹರಿದು ಚೂರಾಗುತ್ತದೆ, ತಂಬೂರಿ ಗೊರಗೊರ ಎನ್ನುತ್ತದೆ. ಅದನ್ನು ಕೇಳುವುದಕ್ಕಿಂತ ಕೇಳದಿರುವುದೇ ವಾಸಿ.

ಹಾಗಾಗಿ ಮಹಡಿ ಹತ್ತುವಾಗಲೇ ಅದನ್ನು ತೆಗೆದು ಪರ್ಸಿಗೆ ಹಾಕಿಬಿಡುತ್ತೇನೆ. ಕಿವಿಯಲ್ಲಿ ಇದ್ದಷ್ಟು ಹೊತ್ತೂ ಅದು ಕೂದಲ ಮರೆಯಲ್ಲಿರುವುದರಿಂದ ಯಾರೂ ಕಂಡಿಲ್ಲ. ಆಮೇಲೆ ನನ್ನ ಪಾಲಿಗೆ ಉಳಿಯುವುದು ಮೃದಂಗದ ಎಡಗಡೆಯ ಗುಂ ಎಂಬ ಸದ್ದು, ಅದೂ ಪಕ್ಕದ ಮನೆಯ ಬಾಗಿಲು ಯಾರೋ ತಟ್ಟಿದ ಹಾಗೆ. ಎಲ್ಲ ಮುಗಿದು ಮಾತು ಶುರುವಾಗುವ ಹೊತ್ತಿಗೆ ಬಾತ್‌ರೂಮಿಗೆ ಹೋಗಿ ಮತ್ತೆ ಹಾಕಿಕೊಂಡು ಬರುತ್ತೇನೆ. ಅರವತ್ತಮೂರನೇ ವಯಸ್ಸಿನಲ್ಲಿ ಕಾಪಿ ಹೊಡೆಯುವ ಹುಡುಗಿಯ ಬಾಳು.

ಹೇಳಿಬಿಡಬಹುದಿತ್ತು. ಆದರೆ ಆ ಕೋಣೆಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಕಿವಿಯದೇ. ಶ್ರುತಿ ಕೂದಲೆಳೆಯಷ್ಟು ಜಾರಿದರೂ ನನ್ನ ಹುಬ್ಬು ಗಂಟಾಗುತ್ತದೆ ಎಂದು ಎಲ್ಲರೂ ಹೇಳಿಕೊಳ್ಳುತ್ತಿದ್ದರು. ನಾವು ಸೇರುವ ಆ ಮನೆಯ ಯಜಮಾನನಿಗಂತೂ ನನ್ನನ್ನು ಕಂಡರೆ ಭಯ. ಅವನ ಅಪ್ಪನ ದ್ರಾಕ್ಷಿ ತೋಟ ಲೇಔಟ್ ಆಗಿ ದುಡ್ಡು ಬಂದ ಮೇಲೆ ಆಳೆತ್ತರದ ಸ್ಪೀಕರುಗಳನ್ನು ತಂದಿಟ್ಟುಕೊಂಡ ಮನುಷ್ಯ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಮೊದಮೊದಲು ಗದ್ದಲವಿದ್ದದ್ದೆಲ್ಲ ಅವನಿಗೆ ಸಂಗೀತವೇ. ಇದು ಹಾಡಲ್ಲಪ್ಪ, ಬಾವಿಯೊಳಗೆ ನಿಂತು ಕೂಗಿದ್ದು, ಮೊದಲು ತಂಬೂರಿ ಎಲ್ಲಿದೆ ಹುಡುಕು ಎಂದು ತಿಂಗಳು ತಿಂಗಳೂ ಬೈಯುತ್ತಿದ್ದೆ. ಅವನು ತಲೆ ಕೆರೆದುಕೊಂಡು ಮುಂದಿನ ಸಲ ಅದಕ್ಕಿಂತ ಒಳ್ಳೆಯದನ್ನೇ ತರುತ್ತಿದ್ದ. ಅವನೆದುರು ನನ್ನ ಕಿವಿ ಹೋಯಿತು ಎನ್ನಲು ನನಗೆ ನಾಚಿಕೆಯಾಯಿತು. ಇದ್ದದ್ದು ಇಷ್ಟೇ.

ಸುಳ್ಳು ಹೇಳುತ್ತ ಬಂದೆ. ನಲವತ್ತು ವರ್ಷದಿಂದ ಬಾಯಿಪಾಠವಾಗಿರುವ ಹಳೆಯ ಧ್ವನಿಮುದ್ರಿಕೆ ಯಾವುದಾದರೊಂದನ್ನು ಒಯ್ದು, ಈ ತಿಂಗಳು ಪೂರ್ತಿ ಇದನ್ನೇ ಕೇಳಿದೆ ಎನ್ನುತ್ತಿದ್ದೆ. ಬೇರೆಯವರ ಸರದಿ ಬಂದಾಗ, ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಎದುರಿಗೆ ಕೂರುತ್ತಾರಲ್ಲ, ಅವರ ತಲೆ ಆಡಿದಾಗ ನನ್ನದನ್ನೂ ಆಡಿಸುತ್ತಿದ್ದೆ.

ಹೋದ ತಿಂಗಳು ನನ್ನ ಸರದಿ ಬಂದಾಗ ಅಂಥದ್ದೇ ಒಂದನ್ನು ಹಾಕಿಸಿದೆ. ಚಳಿ ಇತ್ತು, ಫ್ಯಾನೂ ಹಾಕಿರಲಿಲ್ಲ. ಕಣ್ಣು ಮುಚ್ಚಿ ತೊಡೆಯ ಮೇಲೆ ಆದಿತಾಳ ಹಾಕುತ್ತ ಕೂತೆ. ನನ್ನ ತಲೆಯೊಳಗೆ ಹಾಡು ಚೆನ್ನಾಗಿಯೇ ನಡೆದಿತ್ತು, ಪಲ್ಲವಿ, ಅನುಪಲ್ಲವಿ, ಚರಣ, ಪಿಟೀಲಿನ ಎಳೆ ಸಮೇತ. ಮುಗಿಸಿ ಕಣ್ಣು ಬಿಟ್ಟರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಮ್ಯಾನೇಜರರ ಕಣ್ಣು ಒದ್ದೆಯಾಗಿತ್ತು. ಏನೋ ಹೇಳುತ್ತಿದ್ದರು, ತುಟಿ ಆಡಿದ್ದಷ್ಟೇ ಕಂಡಿತು. ಬಾತ್‌ರೂಮಿಗೆ ಹೋಗಿ ಮಷೀನು ಹಾಕಿಕೊಂಡು ಬಂದ ಮೇಲೆ ತಿಳಿಯಿತು, ಅನುಪಲ್ಲವಿಯಲ್ಲೇ ಕರೆಂಟು ಹೋಗಿತ್ತಂತೆ. ನಾನು ಐದಾರು ನಿಮಿಷ ನಿಶ್ಶಬ್ದಕ್ಕೆ ತಾಳ ಹಾಕಿದ್ದೆ.

"ಕೇಳೋದು ಅಂದ್ರೆ ಇದು ಕಣ್ರೀ. ನಾವೆಲ್ಲ ಬರೀ ಕೂತ್ಕೋತೀವಿ ಅಷ್ಟೆ," ಎಂದರು ಮ್ಯಾನೇಜರು.

ಮೈಯೆಲ್ಲ ಉರಿದುಹೋಯಿತು. ಇಷ್ಟು ಜನ ಸಂಗೀತ ಬಲ್ಲವರು, ಒಬ್ಬರಿಗಾದರೂ ಅನುಮಾನ ಬರಬಾರದೇ. ಬೈದು ಬಿಡೋಣವೆಂದರೆ ಯಾವ ಬಾಯಲ್ಲಿ ಬೈಯಲಿ. ಅವರು ಕೈ ಮುಗಿದರು, ನಾನು ನಕ್ಕೆ. ಆ ನಗು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಲ್ಲರೂ ಹೊರಟ ಮೇಲೆ ಯಜಮಾನ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದ. ಕರೆಂಟು ಹೋದಾಗ ಕೆಳಗೆ ಹೋಗಿ ಫ್ಯೂಸು ನೋಡಿ ಬಂದವನು ಅವನೇ.

"ಅಕ್ಕ, ಮೊದಲಿನಂಗಿದ್ದಿದ್ರೆ ನೀವು ಕರೆಂಟ್‌ನೋರ್ನ ಬೈತಿದ್ರಿ, ನನ್ನೂ ಸೇರಿಸ್ಕೊಂಡು," ಎಂದ. "ಕಿವಿ ಕೇಳಿಸ್ತಿಲ್ವಾ?"

ಕೇಳಿಸುತ್ತದೆ, ಮಾತು ಕೇಳಿಸುತ್ತದೆ ಎಂದೆ. ಕೂದಲು ಸರಿಸಿ ತೋರಿಸಿದೆ. ಎರಡು ವರ್ಷವಾಯಿತು ಎಂದೂ ಹೇಳಿದೆ. ಅಯ್ಯೋ ಪಾಪ ಎಂದರೆ ಅಲ್ಲೇ ಜಗಳ ಆಡಿಬಿಡುವವಳಿದ್ದೆ. ಅವನು ಹಾಗೇನೂ ಅನ್ನಲಿಲ್ಲ. ಮೆಟ್ಟಿಲ ಕಂಬಿ ಹಿಡಿದುಕೊಂಡ.

"ಎರಡ್ ವರ್ಷದಿಂದ ನೀವು ನನ್ನ ಒಂದ್ ಸಲಾನೂ ಬೈದಿಲ್ಲ," ಎಂದ. "ಅದಕ್ಕೇ ನಾನು ಕಲ್ತ್‌ಬಿಟ್ಟೆ ಅಂದ್ಕೊಂಡಿದ್ದೆ ಕಣಕ್ಕ."

ಕಲಿತಿದ್ದೀಯಪ್ಪ ಎನ್ನಲು ಬಾಯಿ ತೆರೆದೆ. ಈ ಎರಡು ವರ್ಷದಲ್ಲಿ ಅವನು ತಂದದ್ದರಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.